ಹೊಸ ವಿಂಡೋಸ್ ಬಂದ್ಮೇಲೆ ನಮ್ಮ ರೈಟ್ರು ಮತ್ತೆ ನೋಟ್‌ಬುಕ್ ಹಿಡಿದಿದಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಮೂಡಿಗೆರೆ ಹತ್ರ ನಮ್ಮದು ಕಾಫಿ ತೋಟ. ಮಾವನವರ ಕಾಲದಿಂದ ತೋಟದ ಲೆಕ್ಕ ಬರೆಯೋ ರೈಟ್ರಿಗೆ ಈಗ 59 ವರ್ಷ. ಚೆಕ್‌ರೋಲು (ಆಳುಗಳ ಹಾಜರಿ, ಕೂಲಿ ಪಟ್ಟಿ), ಹಣ್ಣು ಕುಯ್ದ ಕೆಜಿ ಲೆಕ್ಕ, ಶನಿವಾರದ ಬಟವಾಡೆ ಎಲ್ಲಾ ಎಕ್ಸೆಲ್‌ನಲ್ಲೇ ಮಾಡ್ತಿದ್ರು, ಹಳೇ ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಿಂದ್ಲೂ. ಹಳೇ ಡೆಸ್ಕ್‌ಟಾಪಲ್ಲಿ ವಿಂಡೋಸ್ 10 ಇತ್ತು, ಅದಕ್ಕೆ ಇನ್ನು ಅಪ್‌ಡೇಟ್ ಬರಲ್ಲ ಅಂದಿದ್ದಕ್ಕೆ ಡಿಸೆಂಬರ್‌ನಲ್ಲಿ ವಿಂಡೋಸ್ 11 ಇರೋ ಲ್ಯಾಪ್‌ಟಾಪ್ ತಂದ್ವಿ. ಅವತ್ತಿಂದ ಆಫೀಸಲ್ಲಿ ನೆಮ್ಮದಿ ಇಲ್ಲ. ಸ್ಟಾರ್ಟ್ ಬಟನ್ ಜಾಗದಲ್ಲಿಲ್ಲ, ರೈಟ್ ಕ್ಲಿಕ್ ಮಾಡಿದ್ರೆ ಬೇರೆ ಏನೋ ಬರುತ್ತೆ ಅಂತಾರೆ. ಒಂದ್ಸಲ ಸೇವ್ ಮಾಡಿದ ಚೆಕ್‌ರೋಲ್ ಫೈಲೇ ಕಾಣೆಯಾಯ್ತು. ಈಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಪುಸ್ತಕದಲ್ಲಿ ಬರೀತಿದಾರೆ, "ಇನ್ನು ನನ್ ಕೈಲಾಗಲ್ಲ ಅಮ್ಮಾವ್ರೇ, ಬೇರೆಯವ್ರನ್ನ ನೋಡ್ಕೊಳಿ" ಅಂದ್ರು. ನಮ್ಮೆಜಮಾನ್ರು ವಯಸ್ಸಾಯ್ತು ಬಿಡು ಅಂತಾರೆ. ಪೇಟೆ ಅಂಗಡಿಯವರು ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ 7 ಹಾಕ್ತೀನಿ, ಇಲ್ಲಾಂದ್ರೆ ಹಳೇದಕ್ಕೇ 11ರ ಲೈಟ್ ವರ್ಷನ್ ಹಾಕ್ತೀನಿ ಅಂತಾರೆ. ಮಗ ವಿಂಡೋಸೇ ಬೇಡ, ಅದರ ಬದಲು ಫ್ರೀಯಾಗಿ ಸಿಗೋ ಲಿನಕ್ಸ್ ಹಾಕಿ ಅಂತಾನೆ. ಈ ಕಂಪನಿಯವರು ಯಾಕೆ ಹೀಗೆ ಬದಲಾಯಿಸ್ತಾರೆ, ನಾನು ಏನ್ ಮಾಡ್ಲಿ?

ಉತ್ತರ: ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಎಸ್ಟೇಟ್ ಆಫೀಸು, ಸೊಸೈಟಿ, ಅಂಗಡಿಗಳಿಗೆ ಸಿಸ್ಟಮ್ ಹಾಕಿಕೊಟ್ಟು ಕಲಿಸೋದೇ ನನ್ನ ಕೆಲಸ, ನೀವು ಬರೆದ ಥರದ ಫೋನು ಈಗ ಬರ್ತಾನೇ ಇರುತ್ತೆ. ರೈಟ್ರು ಪುಸ್ತಕ ಹಿಡಿದ್ರು ಅಂತ ಗಾಬರಿ ಆಗ್ಬೇಡಿ. ಶನಿವಾರ ಕೂಲಿ ಕೊಡುವಾಗ ಒಬ್ಬರ ಲೆಕ್ಕ ತಪ್ಪಿದ್ರೂ ಅಷ್ಟು ಜನದ ಮುಂದೆ ನಿಂತು ಉತ್ತರ ಕೊಡಬೇಕಾದೋರು ಅವರು, ನೀವಲ್ಲ, ಲ್ಯಾಪ್‌ಟಾಪ್ ಕಂಪನಿಯವರೂ ಅಲ್ಲ. ನಂಬಿಕೆ ಹೋದ ಮೆಷಿನ್ನನ್ನ ಬದಿಗಿಟ್ಟು ಕೆಲಸ ನಿಲ್ಲದ ಹಾಗೆ ನೋಡ್ಕೊಂಡಿದಾರೆ, ಅದು ಒಳ್ಳೇ ಕೆಲಸಗಾರನ ಲಕ್ಷಣ.

ಕಾಣೆಯಾದ ಫೈಲ್ ವಿಷಯ ಮೊದಲು ಹೇಳ್ಬಿಡ್ತೀನಿ, ಅವರ ಅರ್ಧ ಭಯ ಅಲ್ಲಿಂದ್ಲೇ ಬಂದಿರುತ್ತೆ. ಫೈಲ್ ಬಹುಶಃ ಎಲ್ಲೂ ಹೋಗಿಲ್ಲ. ಹೊಸ ಲ್ಯಾಪ್‌ಟಾಪ್ ಶುರು ಮಾಡುವಾಗ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ರೆ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಪಿಕ್ಚರ್ಸು ಮೂರೂ ಒನ್‌ಡ್ರೈವ್, ಅಂದ್ರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಉಗ್ರಾಣದ ಒಳಗೆ ಹೋಗಿ ಕೂತ್ಕೊಳ್ಳೋದು ಮಾಮೂಲಿ. ಆಗ ಒಂದೇ ಹೆಸರಿನ ಡಾಕ್ಯುಮೆಂಟ್ಸ್ ಎರಡು ಕಡೆ ಇದ್ದಂಗೆ ಆಗುತ್ತೆ, ಎಕ್ಸೆಲ್ ಒಂದು ಕಡೆ ಸೇವ್ ಮಾಡುತ್ತೆ, ರೈಟ್ರು ಇನ್ನೊಂದು ಕಡೆ ಹುಡುಕ್ತಾರೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಎಡಗಡೆ ಒನ್‌ಡ್ರೈವ್ ಅಂತ ಮೋಡದ ಗುರುತು ಇರುತ್ತೆ ನೋಡಿ, ಅದರೊಳಗಿನ ಡಾಕ್ಯುಮೆಂಟ್ಸಲ್ಲಿ ಹುಡುಕಿ. ಸಿಕ್ಕಿದ ತಕ್ಷಣ ಎಲ್ಲಾ ಫೈಲನ್ನೂ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ, ಅದಾದ ಮೇಲೇನೇ ಒನ್‌ಡ್ರೈವ್ ಸೆಟ್ಟಿಂಗ್ಸಲ್ಲಿ ಫೋಲ್ಡರ್ ಬ್ಯಾಕಪ್ ನಿಲ್ಲಿಸಿ. ಕಾಪಿ ಮಾಡದೆ ನಿಲ್ಲಿಸಿದ್ರೆ ಕೆಲವು ಫೈಲು ಒನ್‌ಡ್ರೈವ್ ಒಳಗೇ ಉಳ್ಕೊಂಡು ಡೆಸ್ಕ್‌ಟಾಪ್ ಖಾಲಿ ಕಾಣುತ್ತೆ, ಮತ್ತೆ ಅದೇ ಗಲಾಟೆ. ಆಮೇಲೆ ಸಿ ಡ್ರೈವಲ್ಲೇ ತೋಟದ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ, ಎಕ್ಸೆಲ್‌ನ ಆಪ್ಷನ್ಸಲ್ಲಿ ಸೇವ್ ಆಗೋ ಜಾಗ ಅದೇ ಅಂತ ಕೊಟ್ಬಿಡಿ. ಒನ್‌ಡ್ರೈವ್ ಕೆಟ್ಟದ್ದು ಅಂತಲ್ಲ, ಬ್ಯಾಕಪ್ಪಿಗೆ ಒಳ್ಳೇದೇ, ಆದ್ರೆ ಬಳಸೋರಿಗೆ ಗೊತ್ತಿಲ್ಲದ ಹಾಗೆ ಶುರುವಾಗ್ಬಾರ್ದು. ಫೈಲ್ ಸಿಕ್ಕಿದ ಮೇಲೆ ರೈಟ್ರನ್ನ ಕರೆದು ತೋರಿಸಿ, ತಪ್ಪು ನಿಮ್ಮದಲ್ಲ, ಸೆಟ್ಟಿಂಗ್ ಹಂಗಿತ್ತು ಅಂತ ಬಾಯಿಬಿಟ್ಟು ಹೇಳಿ, ಅದು ಬಹಳ ಮುಖ್ಯ.

ಇನ್ನು ವಯಸ್ಸಿನ ಮಾತು. ನಿಮ್ಮೆಜಮಾನ್ರು ಹೇಳಿದ್ದನ್ನ ನಾನು ಒಪ್ಪಲ್ಲ. ಇದೇ ಮನುಷ್ಯ ಎಕ್ಸ್‌ಪಿಯಿಂದ ಶುರುಮಾಡಿ 10ರ ವರೆಗೆ ಬಂದಿದಾರೆ ಅಲ್ವಾ, ಅವಾಗ ಯಾಕೆ ಹೀಗಾಗ್ಲಿಲ್ಲ? ಸ್ಟಾರ್ಟ್ ಬಟನ್ನು, ಅದಿರೋ ಕೆಳಗಿನ ಪಟ್ಟಿ ಟಾಸ್ಕ್‌ಬಾರು ಮೊದಲು ಬಂದಿದ್ದು 1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಜೊತೆ, ಅಲ್ಲಿಂದ 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬರೋ ತನಕ, ಮಧ್ಯ ವಿಂಡೋಸ್ 8 ಒಂದನ್ನ ಬಿಟ್ರೆ, 26 ವರ್ಷ ಎಡಗಡೆ ಕೆಳಗಿನ ಮೂಲೇಲೇ ಇತ್ತು. ಬಣ್ಣ ಬದಲಾಯ್ತು, ಆಕಾರ ಬದಲಾಯ್ತು, ಜಾಗ ಬದಲಾಗ್ಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ನಮ್ಮ ಕೈ ಕತ್ತಲಲ್ಲೇ ಬೆಂಕಿಪೊಟ್ಟಣ ಇರೋ ಗೂಡಿಗೆ ಹೋಗುತ್ತಲ್ಲ, ಹಂಗೆ ಅವರ ಕೈ ಆ ಮೂಲೆಗೆ ಹೋಗುತ್ತೆ. ಒಂದೇ ಕೆಲಸವನ್ನ ಸಾವಿರಾರು ಸಲ ಮಾಡಿದ ಮೇಲೆ ಅದು ಯೋಚನೆಯಿಂದ ಕೈಗೆ ಇಳಿದುಬಿಡುತ್ತೆ, ಆಗ ತಲೆ ಲೆಕ್ಕದ ಮೇಲೆ ಇರುತ್ತೆ, ಕೈ ತನ್ನ ಪಾಡಿಗೆ ಕ್ಲಿಕ್ ಮಾಡ್ತಿರುತ್ತೆ. ಜಾಗ ಬದಲಾದ ದಿನ ತಲೆ ಲೆಕ್ಕ ಬಿಟ್ಟು ಬಟನ್ ಹುಡುಕ್ಬೇಕು, ಅಷ್ಟರಲ್ಲಿ ಯಾರ ಕೆಜಿ ಎಷ್ಟು ಅನ್ನೋದು ಮರೆತಿರುತ್ತೆ. ಹಳೇ ಅಭ್ಯಾಸ ಇಲ್ಲದೇ ಇರೋದಕ್ಕಿಂತ ಹಳೇ ಅಭ್ಯಾಸ ಅಡ್ಡ ಬರೋದು ಹೆಚ್ಚು ಕಷ್ಟ, ಅದಕ್ಕೇ ಕಂಪ್ಯೂಟರ್ ಮುಟ್ಟದೇ ಇರೋ ಹುಡುಗ ವಿಂಡೋಸ್ 11ನ್ನ ಬೇಗ ಹಿಡೀತಾನೆ, ಚೆನ್ನಾಗಿ ಗೊತ್ತಿದ್ದ ರೈಟ್ರು ತಡವರಿಸ್ತಾರೆ. ಇಪ್ಪತ್ತೈದು ಇಪ್ಪತ್ತಾರರ ಅಕೌಂಟ್ಸ್ ಹುಡುಗರೂ ಇದೇ ಥರ ಸಿಟ್ಟಾಗೋದನ್ನ ನೋಡಿದೀನಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ಸೇರ್ಕೊಳುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ ಅನ್ನೋದೇ ನನಗೆ ಬೇಜಾರು. ಇಂಗ್ಲಿಷ್ ಸರಾಗವಾಗಿ ಓದೋರಿಗೆ ಬಟನ್ ಜಾಗ ಬದಲಾದ್ರೂ ಪದ ಓದ್ಕೊಂಡು ಹುಡುಕ್ತಾರೆ. ನಮ್ಮ ರೈಟ್ರು, ಸೊಸೈಟಿ ಗುಮಾಸ್ತರು, ಅಂಗಡಿ ಹುಡುಗರು ಎಷ್ಟೋ ಜನ ಇಂಗ್ಲಿಷ್ ಮೆನುವನ್ನ ಓದಿ ಕಲಿತೇ ಇಲ್ಲ, "ಮೇಲಿಂದ ನಾಲ್ಕನೇದು", "ಪ್ರಿಂಟರ್ ಚಿತ್ರದ ಪಕ್ಕದ್ದು" ಅಂತ ಜಾಗ ಹಿಡಿದು ಕಲಿತಿದಾರೆ. ಅವರಿಗೆ ಜಾಗವೇ ಭಾಷೆ. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮೆನುವಿನ ಕಟ್, ಕಾಪಿ, ಪೇಸ್ಟ್, ರೀನೇಮ್, ಡಿಲೀಟ್ ಎಲ್ಲವನ್ನೂ ಹೆಸರು ತೆಗೆದು ಬರೀ ಚಿಕ್ಕ ಚಿತ್ರ ಮಾಡಿ ಒಂದು ಸಾಲಲ್ಲಿ ಇಟ್ರು, ಉಳಿದ ಎಷ್ಟೋ ಆಪ್ಷನ್ನನ್ನ "ಶೋ ಮೋರ್ ಆಪ್ಷನ್ಸ್" ಹಿಂದೆ ತಳ್ಳಿದ್ರು. ನೋಡೋಕೆ ಚೊಕ್ಕಟವಾಗಿದೆ, ಆದ್ರೆ ಜಾಗ ನಂಬಿದ್ದೋರ ಕೈಯಿಂದ ಜಾಗವನ್ನೂ ಕಿತ್ಕೊಂಡ್ರು, ಗುರುತು ಹಿಡಿದಿದ್ದ ನಾಲ್ಕು ಪದವನ್ನೂ ಕಿತ್ಕೊಂಡ್ರು. ರೈಟ್ರು "ಬೇರೆ ಏನೋ ಬರುತ್ತೆ" ಅಂದಿದ್ದು ಅಕ್ಷರಶಃ ನಿಜ. ಅವರೊಬ್ಬರ ದೂರು ಅಂತಲೂ ತಿಳ್ಕೋಬೇಡಿ, 2024ರಲ್ಲಿ ಬಂದ 24ಎಚ್2 ಅಪ್‌ಡೇಟಲ್ಲಿ ಮೈಕ್ರೋಸಾಫ್ಟ್‌ನವರೇ ಆ ಚಿತ್ರಗಳಿಗೆ ಮತ್ತೆ ಹೆಸರು ಸೇರಿಸಿದ್ರು.

ಇದೇ ರೀತಿ ಕಿತ್ಕೊಂಡು ವಾಪಸ್ ಕೊಟ್ಟಿದ್ದು ಇನ್ನೂ ಇವೆ. ಟಾಸ್ಕ್‌ಬಾರನ್ನ ಹೊಸದಾಗಿ ಬರೆದಾಗ ಫೈಲನ್ನ ಎಳ್ಕೊಂಡು ಹೋಗಿ ಅದರ ಮೇಲೆ ಬಿಡೋದು ಕೆಲಸ ಮಾಡ್ತಿರ್ಲಿಲ್ಲ, 2022ರಲ್ಲಿ ವಾಪಸ್ ಬಂತು. ತೆರೆದಿರೋ ಕಿಟಕಿಗಳ ಹೆಸರು ಬೇರೆ ಬೇರೆ ಕಾಣೋ ಹಾಗೆ ಇಡೋದು 2023ರಲ್ಲಿ ವಾಪಸ್ ಬಂತು. ಅದಕ್ಕಿಂತ ದೊಡ್ಡದು ವಿಂಡೋಸ್ 8ರ ಕಥೆ. 2012ರ ಅಕ್ಟೋಬರ್‌ನಲ್ಲಿ ಟ್ಯಾಬ್ಲೆಟ್ ಕಾಲ ಬಂತು ಅಂತ ಸ್ಟಾರ್ಟ್ ಬಟನ್ನನ್ನೇ ತೆಗೆದು ಇಡೀ ಪರದೆ ತುಂಬ ಚೌಕ ಚೌಕ ಟೈಲ್ಸ್ ಹಾಕಿದ್ರು, ಬೆರಳಲ್ಲಿ ಮುಟ್ಟೋಕೆ ಮಾಡಿದ್ದನ್ನ ಮೌಸ್ ಹಿಡಿದು ಕೂತ ಆಫೀಸಿನವರ ಮೇಲೂ ಹೇರಿದ್ರು, ಒಂದೇ ವರ್ಷಕ್ಕೆ 8.1ರಲ್ಲಿ ಬಟನ್ ವಾಪಸ್ಸು, 2015ರಲ್ಲಿ ವಿಂಡೋಸ್ 10ರಲ್ಲಿ ಮೆನುನೂ ವಾಪಸ್ಸು. ಮಗ ಲಿನಕ್ಸ್ ಅಂತಾನಲ್ಲ, ಅಲ್ಲೂ ಇದೇ ಆಗಿದೆ ಅಂತ ಹೇಳಿ. 2011ರಲ್ಲಿ ಲಿನಕ್ಸಿನ ಒಂದು ಡೆಸ್ಕ್‌ಟಾಪ್ ರೂಪವಾದ ಗ್ನೋಮ್‌ನ ಹೊಸ ವರ್ಷನ್ ಗ್ನೋಮ್ 3 ಬಂದು ಹಳೇ ಮೆನು ಪಟ್ಟಿ ಎಲ್ಲ ಹೋದಾಗ ಲಿನಕ್ಸನ್ನ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸೇ ಬೈದು ಬೇರೆ ಡೆಸ್ಕ್‌ಟಾಪಿಗೆ ಹೋದ್ರು, ಹಳೇ ರೂಪ ಬೇಕು ಅಂದೋರು ಮಾಟೆ (MATE), ಸಿನಮನ್ ಅಂತ ಬೇರೇನೇ ಡೆಸ್ಕ್‌ಟಾಪ್ ಕಟ್ಕೊಂಡ್ರು. ಇವರೆಲ್ಲ ಕಂಪ್ಯೂಟರ್ ಗೊತ್ತಿಲ್ಲದೋರಾ? ನಿಮ್ಮ ರೈಟ್ರು ಅನುಭವಿಸ್ತಿರೋದೂ ಅದೇ ಸಂಕಟ.

ಕಂಪನಿಯವರು ಯಾಕೆ ಬದಲಾಯಿಸ್ತಾರೆ ಅಂತ ಕೇಳಿದ್ರಿ. ಬರೀ ದುಡ್ಡಿಗೆ ಅನ್ನೋದು ಪೂರ್ತಿ ಸರಿಯಲ್ಲ. ಹೊಸ ಮೆಷಿನ್ ಮಾರಾಟ ಆಗೋದು ಒಂದು ಕಾರಣ ಹೌದು, ಆದ್ರೆ ಟಚ್ ಸ್ಕ್ರೀನು, ದೊಡ್ಡ ರೆಸಲ್ಯೂಷನ್ ಪರದೆ ಬಂದಾಗ ಹಳೇ ಚಿಕ್ಕ ಬಟನ್ನು ಹೊಂದಲ್ಲ, ಹಳೇ ಕೋಡ್ ಮೇಲೆ ತೇಪೆ ಹಾಕಿ ಹಾಕಿ ಒಂದು ದಿನ ಹೊಸದಾಗಿ ಬರೀಬೇಕಾಗುತ್ತೆ. ಹೊಸಬರಿಗೆ ಸುಲಭ ಆಗ್ಲಿ ಅನ್ನೋದೂ ಇರುತ್ತೆ. ತೊಂದರೆ ಎಲ್ಲಿ ಅಂದ್ರೆ ಹೊಸಬರಿಗೆ ಸಿಗೋ ಲಾಭ ಅವರಿಗೆ ಕಾಣುತ್ತೆ, ಹಳಬರ ಕೈಯಿಂದ ಹೋಗೋ ಕಸುಬು ಅವರಿಗೆ ಕಾಣಲ್ಲ. ಸಿಕ್ಕಿದ್ದಕ್ಕಿಂತ ಕಳ್ಕೊಂಡಿದ್ದು ಮನುಷ್ಯನಿಗೆ ಹೆಚ್ಚು ತೂಕ ಅಂತ ಡೇನಿಯಲ್ ಕಾಹ್ನೆಮನ್, ಏಮಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ತೋರಿಸಿದ್ರು. ರೈಟ್ರಿಗೆ ಹೊಸ ಲ್ಯಾಪ್‌ಟಾಪಿಂದ ಸಿಕ್ಕಿದ್ದೇನು ಹೇಳಿ, ಅವರ ಚೆಕ್‌ರೋಲಿಗೆ ಏನೂ ಇಲ್ಲ. ಹೋಗಿದ್ದು ವರ್ಷಗಟ್ಲೆ ಸಂಪಾದಿಸಿದ ಕೈಚಳಕ. ಅದು ಅವರ ಆಸ್ತಿ ಕಣಮ್ಮ, ಅವರನ್ನ ಕೇಳದೇ ತೆಗೆದಂಗಾಯ್ತು.

"ಸ್ವಲ್ಪ ದಿನ, ಅಭ್ಯಾಸ ಆಗುತ್ತೆ" ಅಂತಾರಲ್ಲ, ಅದೂ ಅರ್ಧ ನಿಜ. ಆಫೀಸ್ 2007ರಲ್ಲಿ ಎಕ್ಸೆಲ್ ವರ್ಡ್ ಮೆನು ಎಲ್ಲ ತೆಗೆದು ಮೇಲೆ ಬಟನ್‌ಗಳ ಅಗಲ ಪಟ್ಟಿ, ಅಂದ್ರೆ ರಿಬ್ಬನ್ ಹಾಕಿದಾಗಲೂ ಜನ ಬೈದ್ರು, ಆದ್ರೆ ರಿಬ್ಬನ್ ಉಳೀತು, ಜನಾನೂ ಹೊಂದ್ಕೊಂಡ್ರು. ಅಲ್ಲಿ ಒಂದು ಜಾಣತನ ಮಾಡಿದ್ರು, ಹಳೇ ಕೀಗಳನ್ನ ಒಳಗೆ ಉಳಿಸಿದ್ರು, ಪೇಸ್ಟ್ ಸ್ಪೆಷಲ್‌ಗೆ ಆಲ್ಟ್ ಆಮೇಲೆ ಇ ಆಮೇಲೆ ಎಸ್ ಒತ್ತೋದು ಇವತ್ತಿಗೂ ನಡಿಯುತ್ತೆ. ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡೋ ನಮ್ಮ ಬೆಂಗಳೂರಿನ ಟ್ಯಾಲಿಯವರು 2020ರ ನವೆಂಬರ್‌ನಲ್ಲಿ ಟ್ಯಾಲಿ ಪ್ರೈಮ್ ತಂದಾಗ ಮುಖ ಪೂರ್ತಿ ಬದಲಾಯ್ತು, ಕೆಲವು ಕೀನೂ ಬದಲಾಗಿ ಅಕೌಂಟೆಂಟ್‌ಗಳು ಗೊಣಗಿದ್ರು, ಆದ್ರೆ ದಿನಾ ಬಳಸೋ ಕಾಂಟ್ರಾ ಎಫ್ 4, ಪೇಮೆಂಟ್ ಎಫ್ 5, ರಿಸೀಟ್ ಎಫ್ 6, ಜರ್ನಲ್ ಎಫ್ 7, ಸೇಲ್ಸ್ ಎಫ್ 8, ಪರ್ಚೇಸ್ ಎಫ್ 9 ಇದ್ದಂಗೇ ಇಟ್ರು, ಕೆಲಸ ನಿಲ್ಲಲಿಲ್ಲ. ನುಡಿಯಲ್ಲಿ ಕನ್ನಡ ಟೈಪ್ ಮಾಡೋರನ್ನ ನೋಡಿ, ಹಳೇ ಫಾಂಟಿಂದ ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡಿಗೆ ಬಂದಾಗ ಒಳಗಿನ ವ್ಯವಸ್ಥೆ ಪೂರ್ತಿ ಬೇರೆ ಆಯ್ತು, ಆದ್ರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದೇ ಉಳಿದಿದ್ದಕ್ಕೆ ಬೆರಳಿಗೆ ಏನೂ ಗೊತ್ತಾಗ್ಲಿಲ್ಲ. ನಿಮ್ಮ ಆಫೀಸಲ್ಲೂ ನಾವು ಮಾಡ್ಬೇಕಾಗಿರೋದು ಇಷ್ಟೇ, ಒಳಗೆ ಹೊಸದು ಇರ್ಲಿ, ರೈಟ್ರ ಕೈಗೆ ಸಿಗೋದು ಆದಷ್ಟು ಹಳೇದು ಇರ್ಲಿ.

ಈಗ ದಾರಿಗಳು. ಅಂಗಡಿಯವರ ಎರಡೂ ಮಾತಿಗೆ ಬೇಡ ಅಂದ್ಬಿಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ಮುಗೀತು, ಹೊಸ ಲ್ಯಾಪ್‌ಟಾಪಿನ ಭಾಗಗಳನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಅದಕ್ಕೆ ಸಿಗಲ್ಲ, ಕ್ರೋಮ್ ಕೂಡ 2023ರಿಂದ ಅದಕ್ಕೆ ಹೊಸ ವರ್ಷನ್ ಕೊಡ್ತಿಲ್ಲ. ಲೈಟ್ ವರ್ಷನ್ ಅಂದ್ರೆ ಯಾರೋ ಗೊತ್ತಿಲ್ಲದೋರು ಬಿಚ್ಚಿ ಬೇಕಾದ್ದು ತೆಗೆದು ಮತ್ತೆ ಕಟ್ಟಿದ ವಿಂಡೋಸು, ಏನು ತೆಗೆದ್ರು ಏನು ಸೇರಿಸಿದ್ರು ಅಂತ ಅಂಗಡಿಯವರಿಗೂ ಗೊತ್ತಿರಲ್ಲ, ಅದರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕೋದು ಬೇಡವೇ ಬೇಡ.

ವಿಂಡೋಸ್ 10 ಇರೋ ಹಳೇ ಡೆಸ್ಕ್‌ಟಾಪ್ ಬಗ್ಗೆ ಎರಡು ಅತಿ ಮಾತು ಕೇಳ್ತೀರಿ, ಒಂದು ನಿಂತೇ ಹೋಗುತ್ತೆ ಅಂತ, ಇನ್ನೊಂದು ಏನೂ ಆಗಲ್ಲ ಅಂತ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗೀತು, ಮೆಷಿನ್ ನಿಲ್ಲಲ್ಲ, ಆದ್ರೆ ಹೊಸದಾಗಿ ಸಿಗೋ ತೂತುಗಳನ್ನ ಮುಚ್ಚೋರು ಇರಲ್ಲ, ತಿಂಗಳು ಕಳೆದಂಗೆ ಅಪಾಯ ಜಾಸ್ತಿ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರ ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮುಂದುವರೆಸೋ ಸ್ಕೀಮ್ ಕೊಟ್ರು, ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಫ್ರೀ, ಇಲ್ಲಾಂದ್ರೆ 30 ಡಾಲರ್. ವ್ಯವಹಾರದ ಕಂಪ್ಯೂಟರಿಗೆ ಬೇರೆ ಸ್ಕೀಮು, ಮೊದಲ ವರ್ಷ 61 ಡಾಲರ್, ವರ್ಷ ವರ್ಷ ಡಬಲ್ ಆಗ್ತಾ ಮೂರು ವರ್ಷದ ವರೆಗೆ. ನಿಮ್ಮದು ತೋಟದ ಆಫೀಸು, ಎರಡನೇದಕ್ಕೇ ಬರುತ್ತೆ. ಅಷ್ಟು ದುಡ್ಡು ಹಾಕೋ ಬದಲು ನಾನಾದ್ರೆ ಆ ಡೆಸ್ಕ್‌ಟಾಪಿನ ಇಂಟರ್ನೆಟ್ ತೆಗೆದು ಬರೀ ಚೆಕ್‌ರೋಲಿಗೆ ಇಡ್ತೀನಿ. ಪೆನ್‌ಡ್ರೈವ್ ಹಾಕುವಾಗ ಮಾತ್ರ ಹುಷಾರು, ಅದಕ್ಕೇ ಅಂತ ಒಂದು ಇಟ್ಕೊಳಿ, ಫೋಟೋ ಪ್ರಿಂಟಿಗೆ ಅಂತ ಪೇಟೆಗೆಲ್ಲ ಅದನ್ನ ತಗೊಂಡು ಹೋಗ್ಬೇಡಿ. ಬ್ಯಾಂಕು, ಜಿಎಸ್‌ಟಿ, ಮೇಲ್ ಎಲ್ಲಾ ಹೊಸ ಲ್ಯಾಪ್‌ಟಾಪಲ್ಲಿ ನೀವೇ ಮಾಡಿ.

ಲಿನಕ್ಸ್ ಒಳ್ಳೇದು, ಅದರಲ್ಲೇ ಲಿನಕ್ಸ್ ಮಿಂಟ್ ಅನ್ನೋ ಬಗೆ ನೋಡೋಕೆ ವಿಂಡೋಸ್ 11ಕ್ಕಿಂತ ಹಳೇ ವಿಂಡೋಸ್ ಥರನೇ ಇರುತ್ತೆ, ನುಡಿ ಥರದ ಕನ್ನಡ ಕೀಲಿಮಣೆನೂ ಅದರಲ್ಲಿ ಸಿಗುತ್ತೆ. ಆದ್ರೆ ಅಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್ ಇಲ್ಲ, ಅದರ ಬದಲಿಗಿರೋ ಲಿಬ್ರೆ ಆಫೀಸ್ ಕಲೀಬೇಕು. ರೈಟ್ರಿಗೆ ಒಂದು ಬದಲಾವಣೆ ಜಾಸ್ತಿ ಆಗಿರುವಾಗ ಎರಡನೇದು ಯಾಕೆ? ಮಗ ಬೇಕಾದ್ರೆ ತನ್ನ ಮೆಷಿನ್ನಿಗೆ ಹಾಕ್ಕೊಳ್ಲಿ.

ಉಳಿದಿದ್ದು ಹೊಸ ಲ್ಯಾಪ್‌ಟಾಪನ್ನೇ ರೈಟ್ರ ಕೈಗೆ ಹೊಂದಿಸೋದು, ಇದಕ್ಕೆ ಯಾವ ಅಂಗಡಿನೂ ಬೇಡ. ಸೆಟ್ಟಿಂಗ್ಸ್ ಒಳಗೆ ಪರ್ಸನಲೈಸೇಷನ್, ಅದರೊಳಗೆ ಟಾಸ್ಕ್‌ಬಾರ್, ಕೊನೇಲಿ ಟಾಸ್ಕ್‌ಬಾರ್ ಬಿಹೇವಿಯರ್ಸ್ ಅಂತ ಇರುತ್ತೆ, ಅಲ್ಲಿ ಅಲೈನ್‌ಮೆಂಟನ್ನ ಲೆಫ್ಟ್ ಮಾಡಿ, ಸ್ಟಾರ್ಟ್ ಬಟನ್ ಹಳೇ ಮೂಲೆಗೆ ಬರುತ್ತೆ. ಅಲ್ಲೇ ಬಟನ್‌ಗಳನ್ನ ಒಟ್ಟು ಸೇರಿಸೋ ಆಪ್ಷನ್ನಿಗೆ ನೆವರ್ ಕೊಡಿ. ವಿಜೆಟ್ಸ್ ಆಫ್ ಮಾಡಿ, ಸುದ್ದಿ ಜಾಹೀರಾತು ಅವರ ಕೆಲಸಕ್ಕೆ ಬೇಡ. ದಿಸ್ ಪಿಸಿ ಐಕಾನನ್ನ ಡೆಸ್ಕ್‌ಟಾಪಿಗೆ ತನ್ನಿ, ಎಕ್ಸೆಲ್ಲು, ತೋಟದ ಫೋಲ್ಡರು, ನುಡಿ ಮೂರೂ ಹಳೇ ಮೆಷಿನ್ನಲ್ಲಿ ಯಾವ ಯಾವ ಜಾಗದಲ್ಲಿದ್ವೋ ಅಲ್ಲೇ ಇಡಿ, ಹಳೇದರ ಫೋಟೋ ತೆಗೆದಿಟ್ಕೊಂಡ್ರೆ ಸುಲಭ. ಹಳೇ ರೈಟ್ ಕ್ಲಿಕ್ ಮೆನು ಬೇಕಾದ್ರೆ ಶಿಫ್ಟ್ ಹಿಡ್ಕೊಂಡು ರೈಟ್ ಕ್ಲಿಕ್ ಮಾಡಿದ್ರೆ ನೇರವಾಗಿ ಅದೇ ಬರುತ್ತೆ. ಹೆಚ್ಚುಕಮ್ಮಿ ಅರ್ಧ ಜಗಳ ಇಲ್ಲಿಗೇ ಮುಗಿಯುತ್ತೆ. ಹಳೇ ಸ್ಟಾರ್ಟ್ ಮೆನುನೇ ಬೇಕು ಅಂದ್ರೆ ಓಪನ್ ಶೆಲ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಸ್ಟಾರ್ಟ್ ಆಲ್ ಬ್ಯಾಕ್ ಅಂತ ದುಡ್ಡಿನದ್ದೂ ಇದೆ, ಆದ್ರೆ ವಿಂಡೋಸ್ ದೊಡ್ಡ ಅಪ್‌ಡೇಟ್ ಬಂದಾಗ ಇಂಥವು ಕೈಕೊಡಬಹುದು, ಅದು ಬಟವಾಡೆ ದಿನವೇ ಆದ್ರೆ ರೈಟ್ರು ಇನ್ನು ಯಾವತ್ತೂ ಮುಟ್ಟಲ್ಲ. ಮೊದಲು ಸೆಟ್ಟಿಂಗ್ಸಲ್ಲೇ ನೋಡಿ, ಸಾಲದಿದ್ರೆ ಮಾತ್ರ ಇದು. ಹಾಕೋದಾದ್ರೆ ಅವರದ್ದೇ ಅಧಿಕೃತ ಜಾಗದಿಂದ ಡೌನ್‌ಲೋಡ್ ಮಾಡಿ. ವಿಂಡೋಸನ್ನ ಕನ್ನಡಕ್ಕೆ ಬದಲಾಯಿಸೋ ಸೌಲಭ್ಯನೂ ಇದೆ, ನನಗೆ ಅದು ಇಷ್ಟ, ಆದ್ರೆ ಈಗಲೇ ಬೇಡ, ಅವರು ಗುರುತು ಹಿಡಿದಿರೋ ಸೇವ್, ಪ್ರಿಂಟ್ ಕೂಡ ಬದಲಾಗಿಬಿಡುತ್ತೆ. ಸ್ವಲ್ಪ ಹೊಂದ್ಕೊಂಡ ಮೇಲೆ ತೋರಿಸಿ, ಬೇಕಾ ಅಂತ ಅವರನ್ನೇ ಕೇಳಿ.

ಯಾವಾಗ ಕಲಿಸ್ಬೇಕು ಅನ್ನೋದು ಹೇಗೆ ಕಲಿಸ್ಬೇಕು ಅನ್ನೋದಕ್ಕಿಂತ ಮುಖ್ಯ. ನೀವು ಲ್ಯಾಪ್‌ಟಾಪ್ ತಂದಿದ್ದು ಡಿಸೆಂಬರ್‌ನಲ್ಲಿ, ಅರೇಬಿಕಾ ಕುಯ್ಲು ಜೋರಾಗಿದ್ದಾಗ, ಅದರ ಹಿಂದೇನೇ ರೋಬಸ್ಟಾ. ವರ್ಷದಲ್ಲಿ ಲೆಕ್ಕ ಅತಿ ಹೆಚ್ಚು ಇರೋ ಹೊತ್ತಲ್ಲಿ ಕೈಯಲ್ಲಿದ್ದ ಸಾಮಾನು ಬದಲಾಯಿಸಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಕುಯ್ಲು ಮುಗಿಯೋ ತನಕ ಅವರು ಹಳೇ ಡೆಸ್ಕ್‌ಟಾಪಲ್ಲೇ ಮಾಡ್ಲಿ, ಪುಸ್ತಕನೂ ಬರೀಲಿ. ಹೂಮಳೆ ಬಂದು ಆಫೀಸ್ ಸ್ವಲ್ಪ ಬಿಡುವಾದ ಮೇಲೆ ಎರಡೂ ಮೆಷಿನ್ ಪಕ್ಕ ಪಕ್ಕ ಇಟ್ಟು, ಅದೇ ವಾರದ ಚೆಕ್‌ರೋಲನ್ನ ಎರಡರಲ್ಲೂ ಮಾಡಿಸಿ, ಮೊತ್ತ ಒಂದೇ ಬಂತಾ ಅಂತ ಅವರೇ ತಾಳೆ ನೋಡ್ಲಿ. ಪುಸ್ತಕ ಕೊಟ್ಟು ಓದಿ ಅಂದ್ರೆ ಯಾರೂ ಓದಲ್ಲ. ಕೆಲಸದಲ್ಲಿರೋರು ಮ್ಯಾನ್ಯುಯಲ್ ಬಿಟ್ಟು ತಮ್ಮ ಕೆಲಸದ ಮೂಲಕವೇ ಕಲೀತಾರೆ ಅಂತ ಕ್ಯಾರಲ್, ರಾಸನ್ ಅನ್ನೋ ಸಂಶೋಧಕರು 1987ರಲ್ಲೇ ಬರೆದಿದ್ರು, ನನ್ನ ಅನುಭವನೂ ಅದೇ. ಮುಖ್ಯವಾಗಿ, ಪಕ್ಕ ಕೂತೋರು ಮೌಸ್ ಕಿತ್ಕೊಂಡು "ಇಲ್ನೋಡಿ ಹಿಂಗೆ" ಅಂತ ಮಾಡಿ ತೋರಿಸ್ಬಾರ್ದು, ಮಗನಿಗೂ ಹೇಳಿಡಿ. ಅವರ ಕೈ ಮೌಸ್ ಮೇಲಿರ್ಲಿ, ನಿಮ್ಮ ಕೈ ಮಡಿಲಲ್ಲಿರ್ಲಿ. ಸಿಕ್ಕಿಹಾಕ್ಕೊಂಡ ಜಾಗವನ್ನೆಲ್ಲ ಅವರ ಕೈಯಲ್ಲೇ ಕನ್ನಡದಲ್ಲಿ ಒಂದು ರಟ್ಟಿನ ಮೇಲೆ ಬರೆಸಿ, "ಹಳೇದರಲ್ಲಿ ಇಲ್ಲಿತ್ತು, ಈಗ ಇಲ್ಲಿದೆ" ಅಂತ, ಲ್ಯಾಪ್‌ಟಾಪ್ ಪಕ್ಕ ಇರ್ಲಿ. ಮೊದಮೊದಲು ನಿಧಾನ ಆಗೇ ಆಗುತ್ತೆ, ಯಾಕೆ ಇಷ್ಟೊತ್ತು ಅಂತ ಕೇಳ್ಬೇಡಿ.

ಇಷ್ಟೆಲ್ಲ ಮಾಡಿದ್ಮೇಲೂ ಇದು ನನಗೆ ಬೇಡ ಅಂತ ಅವರು ಹೇಳಬಹುದು. ಆಗ ಚೆಕ್‌ರೋಲ್ ಪುಸ್ತಕದಲ್ಲಿ ಅವರೇ ಬರೀಲಿ, ಎಕ್ಸೆಲ್‌ಗೆ ನೀವೋ ಮಗನೋ ಹಾಕ್ಕೊಳಿ, ಯಾರು ಯಾವ ಬ್ಲಾಕಲ್ಲಿ ಎಷ್ಟು ಕುಯ್ತಾರೆ ಅಂತ ತಲೆಯಲ್ಲೇ ಇಟ್ಕೊಂಡಿರೋ ಮನುಷ್ಯನನ್ನ ಒಂದು ಮೆನು ಸಲುವಾಗಿ ಕಳ್ಕೋಬೇಡಿ. ಹಳೇ ಡೆಸ್ಕ್‌ಟಾಪನ್ನ ಮಾತ್ರ ಎಕ್ಸ್‌ಚೇಂಜಿಗೆ ಕೊಡೋ ಅವಸರ ಬೇಡ, ಮುಂದಿನ ಕುಯ್ಲಿನ ಮೊದಲ ಎರಡು ಬಟವಾಡೆ ಲ್ಯಾಪ್‌ಟಾಪಲ್ಲಿ ಸರಿಯಾಗಿ ಆಗ್ಲಿ, ಅದರಲ್ಲಿರೋ ಹಳೇ ವರ್ಷದ ಚೆಕ್‌ರೋಲು, ನುಡಿ ಫಾಂಟಲ್ಲಿ ಮಾಡಿದ ಹೆಸರಿನ ಪಟ್ಟಿ ಎಲ್ಲ ಹೊಸದರಲ್ಲಿ ತೆಗೆದು ಅಕ್ಷರ ಸರಿಯಾಗಿ ಕಾಣ್ತಿದೆಯಾ ಅಂತ ರೈಟ್ರೇ ನೋಡಿ ಹೇಳ್ಲಿ, ಆಮೇಲೆ ಕೊಡಿ.